ಬಸವಣ್ಣನವರ ಚರಿತ್ರೆಗೆ ಕಲ್ಲಿನ ಸಾಕ್ಷಿ

ಬಸವಣ್ಣನವರು ಯಾರೆಂದು ಹೊರನಾಡಿನ ಮಿತ್ರರು ನಮ್ಮನ್ನು ಕೇಳುವುದುಂಟು. ಹೆಮ್ಮೆಯಿಂದ ಹೇಳುತ್ತೇವೆ. “ಇದಕ್ಕೆ ಆಧಾರವೇನು?” ಎಂದು ಮರುಪ್ರಶ್ನೆ ಬಂದರೆ ಮಾತ್ರ ನಮ್ಮಲ್ಲಿ ಕೆಲವರು ಸಿಡಿಮಿಡಿಗೊಳ್ಳುವರು, ಕೆಲವರು ಎಲ್ಲವೂ ಪುರಾಣವೆಂದು ಕೈಚೆಲ್ಲುವರು. ಇವೆರಡೂ ತರವಲ್ಲ.

ಈ ಚರ್ಚೆಯನ್ನು ಬಲವಾಗಿ ಎತ್ತಿದವರು ಶಾಸನತಜ್ಞರಾದ ಜೆ. ಎಫ್. ಫ್ಲೀಟ್. 19ನೆಯ ಶತಮಾನದ ಕೊನೆಯಲ್ಲಿ ಅವರು ಅಬ್ಬಲೂರಿನ ಶಾಸನಗಳನ್ನು ಪ್ರಕಟಿಸಿದರು. ಕಳಚುರಿ ಬಿಜ್ಜಳನ ಕಾಲದ ಶಾಸನಗಳಲ್ಲಿ ದಂಡನಾಯಕರ, ಅಧಿಕಾರಿಗಳ ಹೆಸರುಗಳಿರುವಾಗ ಬಸವಣ್ಣನವರ ಹೆಸರೇಕಿಲ್ಲ ಎಂಬುದು ಅವರ ಸಂದೇಹ. 1200ರ ಸುಮಾರಿನ ಅಬ್ಬಲೂರಿನ ಶಾಸನವು ಏಕಾಂತದ ರಾಮಯ್ಯನ ಸಾಹಸವನ್ನು ವಿಸ್ತಾರವಾಗಿ ವರ್ಣಿಸುವುದರಿಂದ ಶೈವಮತದ ಪುನರುತ್ಥಾನದ ಹಿರಿಮೆ ಆತನಿಗೇ ಸಲ್ಲಬೇಕೆಂದು ಅವರು ವಾದಿಸಿದರು.

ಎದುರು ಪಕ್ಷಕ್ಕೆ ಕಾವ್ಯಗಳ ಬಲವಿತ್ತು: ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, 1369ರಲ್ಲಿ ಭೀಮಕವಿಯ ಕನ್ನಡ ಬಸವಪುರಾಣ. ಆದರೆ ಇವು ಭಕ್ತರ ಕೃತಿಗಳು, ಪವಾಡಗಳಿಂದ ತುಂಬಿದವು.

ವಾದಕ್ಕೆ ಹೊಸ ತಿರುವು ಕೊಟ್ಟುದು ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ. ಸೇವುಣ ಅರಸು ಕನ್ನರನ ಕಾಲದ, 1260ರ ದಾನಶಾಸನವಿದು. ಬಾಗೇವಾಡಿಯ ಮಾದಿರಾಜನ ಮಗ ಬಸವರಾಜನ ಹೆಸರು ಇದರಲ್ಲಿದೆ. ಆತನ ಅಣ್ಣ ದೇವರಾಜನ ವಂಶದ ಹಾಲಬಸವಿದೇವನಿಗೆ ದತ್ತಿ ಸಂದಿದೆ.

ನಾವು ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವವರು. ನೂರು ಹೊಗಳಿಕೆಯ ಪತ್ರಗಳಿಗಿಂತ ಒಂದು ಸಾದಾ ರಸೀದಿಗೆ ಬೆಲೆ ಹೆಚ್ಚೆಂಬುದು ನಮ್ಮ ಅನುಭವ. ಅರ್ಜುನವಾಡದ ಕಲ್ಲು ಅಂತಹ ರಸೀದಿ. ಪವಾಡ ಸಾರಲು ಅದನ್ನು ನಿಲ್ಲಿಸಲಿಲ್ಲ. ದತ್ತಿಯನ್ನು ದಾಖಲಿಸುವಾಗ ಪಡೆದವನ ಮನೆತನವನ್ನು ಹೇಳಿತು, ಅಷ್ಟೆ. ತಂದೆ, ಊರು ಕಾವ್ಯಗಳೊಡನೆ ತಾಳೆಯಾಗುತ್ತವೆ.

ಇನ್ನು ಬಿಜ್ಜಳನ ಶಾಸನಗಳ ಮೌನ. ಅಂದಿನ ಶಾಸನಗಳಲ್ಲಿ ಬಹುಪಾಲು ದೇವಾಲಯಗಳಿಗೆ ಬಿಟ್ಟ ದತ್ತಿಯ ಪತ್ರಗಳು. ದೇಹವನ್ನೇ ದೇಗುಲವಾಗಿ ಕಂಡವರ ಹೆಸರು ಅಲ್ಲಿ ದೊರೆಯದಿದ್ದರೆ ಆಶ್ಚರ್ಯವೇನು? ಜಮೆಯ ಪುಸ್ತಕದಲ್ಲಿ ಹೆಸರಿಲ್ಲದವನು ಹುಟ್ಟಿಯೇ ಇರಲಿಲ್ಲವೆನ್ನಲಾದೀತೆ?

ಆದರೂ ರಸೀದಿಯಲ್ಲಿ ಬರೆದುದಕ್ಕಿಂತ ಹೆಚ್ಚನ್ನು ಓದಬಾರದು. ಬಿಜ್ಜಳನ ಆಳಿಕೆ 1160ರ ದಶಕದಲ್ಲಿಯೇ ಮುಗಿದಿತ್ತು. ಶಾಸನ ಹುಟ್ಟಿದ್ದು ಸುಮಾರು 90 ವರ್ಷಗಳ ಮೇಲೆ. ಬಸವಣ್ಣನವರ ಜನನದ ವರ್ಷವನ್ನಾಗಲಿ, ಬಿಜ್ಜಳನ ಅಂತ್ಯವನ್ನಾಗಲಿ ಅದು ನಿರ್ಣಯಿಸದು. ಆ ವಾದಗಳು ಇನ್ನೂ ನಡೆಯಲಿ.

ಆಧಾರ ಕೇಳುವುದು ಭಕ್ತಿಗೆ ದ್ರೋಹವಲ್ಲ. ಅರಿವನ್ನೇ ಗುರುವೆಂದ ಶರಣರ ನಾಡಿನವರು ನಾವು. ಮಿತ್ರರು ಇನ್ನೊಮ್ಮೆ ಕೇಳಿದಾಗ ಸಿಡುಕದೆ ಅರ್ಜುನವಾಡದ ಕಲ್ಲನ್ನು ತೋರೋಣ. ಅದು ಹೇಳುವಷ್ಟನ್ನು ಹೇಳಿ, ಮುಂದಿನದನ್ನು ಸಂಶೋಧಕರಿಗೆ ಬಿಡೋಣ.