ಶೇಂಗಾ ಸುಗ್ಗಿ, ಕಂಬಳಿ ಮಗ್ಗ

ಶೇಂಗಾ ಕೀಳೋ ಕೆಲಸ ಎಲ್ಲರ ಹೊಲದಲ್ಲೂ ಇದೆ, ಉದ್ದ ಬರೆಯಲ್ಲ. ನಮ್ಮ ಚಳ್ಳಕೆರೆ ಸೀಮೆ ಕಂಬಳಿ ಅಂದ್ರೆ ಮಗ್ಗದ ಕುಣಿಯಲ್ಲಿ ಕೂತವರನ್ನಷ್ಟೇ ಹೊಗಳ್ತಾರೆ. ಕುಣಿಯ ಹೊರಗಿನ ಕೆಲಸವೇ ಹೆಚ್ಚು ಅಂತ ನನ್ನ ಲೆಕ್ಕ.

ಕತ್ತರಿಸಿದ ಉಣ್ಣೆ ಹಿಂಜಿ, ರಾಟೆಯಲ್ಲಿ ನೂಲೋರು ಹೆಂಗಸರು. ಆಮೇಲೆ ಹಾಸಿನ ಎಳೆಗಳನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆ ಬೀಜ ನೆನೆಸಿ ರುಬ್ಬಿ ಬೇಯಿಸಿದ ಗಂಜಿಯನ್ನು ಕುಂಚದಿಂದ ಹಚ್ಚಬೇಕು. ಇಲ್ಲದಿದ್ರೆ ಎಳೆ ಮಗ್ಗದಲ್ಲಿ ಸವೆದು ಕಿತ್ತೋಗುತ್ತೆ. ಗಂಜಿ ಒಣಗೋಕೆ ಬಿಸಿಲು ಬೇಕೇ ಬೇಕು. ಮಳೆಗಾಲದಲ್ಲಿ ಕೆಲಸ ಕುಂಟುತ್ತೆ. ಮಳೆ ಹಿಂದಾಯ್ತು ಅನ್ನೋ ಹೊತ್ತಿಗೆ, ಅದೇ ಬಿಸಿಲಲ್ಲಿ ಶೇಂಗಾ ಕಿತ್ತು ಬಳ್ಳಿ ಒಣಗಿಸಬೇಕು, ರಾಗಿ ಕೊಯ್ಯಬೇಕು, ಹಿತ್ತಲ ಅವರೆ ನೋಡ್ಕೋಬೇಕು. ಚಳಿಗೆ ಕಂಬಳಿ ಕೇಳೋರೂ ಆಗಲೇ ಬರ್ತಾರೆ!

ನಮ್ಮಜ್ಜಿ ಕಾಲದೋರು ಬೆಳಿಗ್ಗೆ ಹಾಸಿನ ಕೆಲಸ ಮುಗಿಸಿ ಹೊಲಕ್ಕೆ ಹೋಗ್ತಿದ್ರು. ರಾತ್ರಿ ಒಲೆ ಕೆಲಸ ಆದ ಮೇಲೆ ಮತ್ತೆ ರಾಟೆ. ಅದಕ್ಕೆ ಕೂಲಿ ಲೆಕ್ಕ ಯಾರೂ ಹಾಕಲಿಲ್ಲ.

ಇದೆಲ್ಲ ನಿಂತಿದ್ದು ಕಾವಲಿನ ಹುಲ್ಲಿನ ಮೇಲೆ. ಮೈಸೂರು ಅರಸರ ದನಗಳಿಗೆ ಮೀಸಲಿದ್ದ ಈ ಕಾವಲುಗಳಿಗೆ ಅಮೃತ ಮಹಲ್ ಅನ್ನೋ ಹೆಸರು ಬಂದಿದ್ದು ಟಿಪ್ಪು ಕಾಲದಲ್ಲಿ. ಊರ ಕುರಿಗಳೂ ಅಲ್ಲೇ ಮೇಯ್ತಿದ್ದವು. 2007ರಿಂದ 2010ರ ನಡುವೆ ನಮ್ಮ ತಾಲೂಕಿನ ಸುಮಾರು 10,000 ಎಕರೆ ಕಾವಲು ಬೇರೆ ಬೇರೆ ಸಂಸ್ಥೆಗಳಿಗೆ ಹೋಯ್ತು. ಕುರಿ ಕಮ್ಮಿ ಆದ್ರೆ ನೂಲೋಕೆ ಉಣ್ಣೆ ಇಲ್ಲ, ಹೊಲದಲ್ಲಿ ಮಂದೆ ತರುಬಿಸಿ ಗೊಬ್ಬರ ಮಾಡ್ಕೊಳ್ಳೋ ನಮಗೂ ಬಿಸಿ ತಟ್ಟುತ್ತೆ.

ನಿಮ್ಮನೇಲಿ ಹುಣಸೆ ಗಂಜಿ ಹದ ಗೊತ್ತಿರೋ ಅಜ್ಜಿ ಇದ್ರೆ, ಕೇಳಿ ಬರೆದು ಹಾಕಿ.