ಮಾನ್ಯ ಹೂಡಿಕೆದಾರ: ಒಂದು ಅರ್ಹತೆಯ ಇತಿಹಾಸ

ಸರ್ಕಾರಿ ನಿಯಂತ್ರಕರಲ್ಲಿ ನೋಂದಣಿಯಾಗದ ಷೇರು, ಸಾಲಪತ್ರ ಮತ್ತು ಖಾಸಗಿ ಫಂಡುಗಳಲ್ಲಿ ಹಣ ತೊಡಗಿಸಲು ಕಾನೂನು ಅರ್ಹನೆಂದು ಒಪ್ಪಿದ ವ್ಯಕ್ತಿ ಅಥವಾ ಸಂಸ್ಥೆಯೇ ಮಾನ್ಯ ಹೂಡಿಕೆದಾರ. ಹಣಕಾಸು ವಲಯದಲ್ಲಿ ‘ಅಕ್ರೆಡಿಟೆಡ್ ಇನ್ವೆಸ್ಟರ್’ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಅಮೆರಿಕದಲ್ಲಿ ರೂಪುಗೊಂಡ ಈ ವರ್ಗಕ್ಕೆ ಸೇರಲು ವ್ಯಕ್ತಿಗಳಿಗೆ ದಶಕಗಳ ಕಾಲ ಬಹುಮಟ್ಟಿಗೆ ಹಣವೇ ಅಳತೆಗೋಲಾಗಿತ್ತು. 2020ರಲ್ಲಿ ವೃತ್ತಿ ಪರವಾನಗಿಗೂ ಮನ್ನಣೆ ದೊರೆತು, ಹಣಕಾಸು ವೃತ್ತಿಯ ಆರಂಭದಲ್ಲಿರುವವರಿಗೆ ದಾರಿ ತೆರೆಯಿತು. ಇದನ್ನು ಹೂಡಿಕೆದಾರರ ರಕ್ಷಣೆಯ ಸಡಿಲಿಕೆ ಎಂದು ಟೀಕಿಸುವವರಿದ್ದಾರೆ. ಆದರೆ ಈ ಅರ್ಹತೆ ಬೆಳೆದುಬಂದ ಬಗೆಯನ್ನು ನೋಡಿದರೆ, ಕಾನೂನು ತಾನು ಹೊರಟ ಆಶಯದತ್ತ ಮರಳಿದ ಹೆಜ್ಜೆ ಇದೆಂಬುದು ಸ್ಪಷ್ಟವಾಗುತ್ತದೆ.

1929ರ ಷೇರುಪೇಟೆ ಕುಸಿತದ ಬಳಿಕ ಬಂದ 1933ರ ಸೆಕ್ಯುರಿಟೀಸ್ ಕಾಯ್ದೆ, ಸಾರ್ವಜನಿಕರಿಗೆ ಷೇರು ಮಾರುವ ಕಂಪನಿ ತನ್ನ ಸ್ಥಿತಿಗತಿಯನ್ನು ಬಹಿರಂಗಪಡಿಸಿ ನೋಂದಣಿ ಮಾಡಿಸಬೇಕೆಂದು ವಿಧಿಸಿತು. ಸಾರ್ವಜನಿಕವಲ್ಲದ ಮಾರಾಟಕ್ಕೆ ವಿನಾಯಿತಿ ಕೊಟ್ಟಿತು. ಯಾವುದು ಸಾರ್ವಜನಿಕ, ಯಾವುದು ಅಲ್ಲ ಎಂಬುದನ್ನು ಅದು ವಿವರಿಸಲಿಲ್ಲ. ಈ ಪ್ರಶ್ನೆ ಇತ್ಯರ್ಥವಾದದ್ದು 1953ರಲ್ಲಿ, ಪಶು ಆಹಾರ ತಯಾರಿಸುವ ರಾಲ್ಸ್ಟನ್ ಪ್ಯೂರಿನಾ ಕಂಪನಿಯ ಪ್ರಕರಣದಲ್ಲಿ. 1947ರಿಂದ 1951ರವರೆಗೆ ಕಂಪನಿ ಸುಮಾರು 20 ಲಕ್ಷ ಡಾಲರ್ ಮೌಲ್ಯದ ಷೇರುಗಳನ್ನು ನೋಂದಣಿಯಿಲ್ಲದೆ ತನ್ನ ನೌಕರರಿಗೆ ಮಾರಿತ್ತು. ಅವರೆಲ್ಲ ಕಂಪನಿಯ ಆಯಕಟ್ಟಿನ ನೌಕರರು ಎಂಬುದು ಅದರ ವಾದ. ಕೊಂಡವರ ಪಟ್ಟಿಯಲ್ಲಿ ಎಲೆಕ್ಟ್ರಿಷಿಯನ್, ಸ್ಟೆನೋಗ್ರಾಫರ್, ಗುಮಾಸ್ತ, ಬೇಕರಿ ವಿಭಾಗದ ಮೇಸ್ತ್ರಿ, ಪಶುವೈದ್ಯ ಇದ್ದರು. ತಮ್ಮ ಹಿತವನ್ನು ತಾವೇ ಕಾಯ್ದುಕೊಳ್ಳಬಲ್ಲವರಿಗೆ ಮಾತ್ರ ವಿನಾಯಿತಿ ಅನ್ವಯಿಸುತ್ತದೆ, ನೋಂದಣಿಯಿಂದ ಸಿಗುವಂಥ ಮಾಹಿತಿ ಈ ನೌಕರರ ಕೈಗೆಟುಕುತ್ತಿರಲಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕೊಳ್ಳುವವರ ಸಿರಿತನವನ್ನು ಅದು ಮಾನದಂಡವಾಗಿಸಲಿಲ್ಲ.

ತತ್ವವೇನೋ ಸರಿ, ಆದರೆ ಅದನ್ನು ಒಬ್ಬೊಬ್ಬ ಗ್ರಾಹಕನಿಗೂ ಅನ್ವಯಿಸಿ ನೋಡುವುದು ಕಂಪನಿಗಳಿಗೆ ತಲೆನೋವಾಯಿತು. 1980ರ ಕಾಯ್ದೆಯೊಂದು ‘ಮಾನ್ಯ ಹೂಡಿಕೆದಾರ’ ಎಂಬ ವರ್ಗವನ್ನು ಕಾನೂನಿಗೆ ತಂದಿತು. 1982ರಲ್ಲಿ ಷೇರುಪೇಟೆ ನಿಯಂತ್ರಕ ಎಸ್‌ಇಸಿ ‘ರೆಗ್ಯುಲೇಷನ್ ಡಿ’ ಮೂಲಕ ಅಂಕಿಗಳನ್ನು ನಿಗದಿಮಾಡಿತು: ವಾರ್ಷಿಕ 2 ಲಕ್ಷ ಡಾಲರ್ ಮೀರಿದ ಆದಾಯ ಅಥವಾ 10 ಲಕ್ಷ ಡಾಲರ್ ಮೀರಿದ ನಿವ್ವಳ ಆಸ್ತಿ. 1988ರಲ್ಲಿ ದಂಪತಿಗೆ 3 ಲಕ್ಷ ಡಾಲರ್ ಜಂಟಿ ಆದಾಯದ ಮಿತಿ ಸೇರಿತು. 2010ರ ಡಾಡ್–ಫ್ರಾಂಕ್ ಕಾಯ್ದೆ ವಾಸದ ಮನೆಯನ್ನು ಆಸ್ತಿಯ ಲೆಕ್ಕದಿಂದ ಕೈಬಿಟ್ಟಿತು. ಆದರೆ ಮೂಲ ಅಂಕಿಗಳು ಹಣದುಬ್ಬರಕ್ಕೆ ತಕ್ಕಂತೆ ಏರಲೇ ಇಲ್ಲ. ಎಸ್‌ಇಸಿಯ ಅಂದಾಜಿನಂತೆ 1983ರಲ್ಲಿ ಅಮೆರಿಕದ ಶೇ 2ಕ್ಕಿಂತ ಕಡಿಮೆ ಕುಟುಂಬಗಳು ಅರ್ಹವಾಗಿದ್ದರೆ, 2019ರ ಹೊತ್ತಿಗೆ ಆ ಪ್ರಮಾಣ ಶೇ 13 ಆಗಿತ್ತು. ಇಷ್ಟೊಂದು ಕುಟುಂಬಗಳು ಒಳಬಂದದ್ದಕ್ಕೆ ಹಣದ ಬೆಲೆ ಇಳಿದದ್ದೂ ಕಾರಣ. ತಿಳಿವಳಿಕೆಯನ್ನು ಅಳೆಯದ ಅಳತೆಗೋಲು ಸಿರಿತನವನ್ನೂ ನೆಟ್ಟಗೆ ಅಳೆಯದಾಯಿತು.

ಈ ವ್ಯವಸ್ಥೆಯ ಲೋಪ ಎದ್ದುಕಂಡದ್ದು ವೃತ್ತಿಯ ಮೊದಲ ಮೆಟ್ಟಿಲಲ್ಲಿದ್ದವರ ವಿಷಯದಲ್ಲಿ. ಹಿಂದಿನ ಎರಡೂ ವರ್ಷ ನಿಗದಿತ ಆದಾಯವಿದ್ದು, ಈ ವರ್ಷವೂ ಅಷ್ಟೇ ಬರುವ ನಿರೀಕ್ಷೆಯಿರಬೇಕು ಎಂಬುದು ನಿಯಮ. ಹೀಗಾಗಿ ಖಾಸಗಿ ಕಂಪನಿಗಳ ಲೆಕ್ಕಪತ್ರ ಜಾಲಾಡುವ ಕಿರಿಯ ವಿಶ್ಲೇಷಕ ಅನರ್ಹ. ಪಿತ್ರಾರ್ಜಿತ ಆಸ್ತಿಯಷ್ಟೇ ಇದ್ದು ಬ್ಯಾಲೆನ್ಸ್ ಶೀಟ್ ಓದಲಾರದವನು ಅರ್ಹ. 2020ರ ಆಗಸ್ಟ್‌ನಲ್ಲಿ ಎಸ್‌ಇಸಿ ಅಂಗೀಕರಿಸಿದ ತಿದ್ದುಪಡಿಯು ಸೀರೀಸ್ 7, ಸೀರೀಸ್ 65 ಮತ್ತು ಸೀರೀಸ್ 82 ಎಂಬ ಹಣಕಾಸು ವೃತ್ತಿ ಪರವಾನಗಿ ಹೊಂದಿದವರನ್ನು ಆದಾಯ ಕೇಳದೆ ಮಾನ್ಯ ಮಾಡಿತು. ಖಾಸಗಿ ಫಂಡುಗಳ ಹೂಡಿಕೆ ಕೆಲಸದಲ್ಲಿ ಕನಿಷ್ಠ ಹನ್ನೆರಡು ತಿಂಗಳು ಪಳಗಿದ ಉದ್ಯೋಗಿಗಳಿಗೆ ಅವರವರ ಸಂಸ್ಥೆಯ ಫಂಡಿನ ಮಟ್ಟಿಗೆ ಅರ್ಹತೆ ದೊರೆಯಿತು. ಸೀರೀಸ್ 7 ಬರೆಯಲು ಸಂಸ್ಥೆಯೊಂದರ ಪ್ರಾಯೋಜನೆ ಬೇಕು, ಸೀರೀಸ್ 65ಕ್ಕೆ ಬೇಡ. ಆದರೆ ಪರೀಕ್ಷೆ ಪಾಸಾದರಷ್ಟೇ ಸಾಲದು; ಪರವಾನಗಿ ಪಡೆದು ಅದನ್ನು ಚಾಲ್ತಿಯಲ್ಲಿ ಇಟ್ಟುಕೊಳ್ಳಬೇಕು.

ಈ ತಿದ್ದುಪಡಿಗೆ ಎರಡು ಮುಖ್ಯ ಆಕ್ಷೇಪಗಳಿವೆ. ತಿಳಿವಳಿಕೆ ನಷ್ಟವನ್ನು ತಡೆಯದು, ಸಂಬಳ ಕಡಿಮೆಯಿರುವ ಕಿರಿಯರು ಆ ಪೆಟ್ಟು ತಾಳಲಾರರು ಎಂಬುದು ಮೊದಲನೆಯದು. ಈ ಆತಂಕ ನಿಜವಾದದ್ದೇ. ಆದರೆ ಆಸ್ತಿಯ ಮಾನದಂಡವೂ ಆ ರಕ್ಷಣೆ ಕೊಡುವುದಿಲ್ಲ: 10 ಲಕ್ಷ ಡಾಲರ್ ಮೀರಿದ ನಿವೃತ್ತಿ ಉಳಿತಾಯವನ್ನೆಲ್ಲ ಒಂದೇ ಫಂಡಿಗೆ ಸುರಿಯುವುದನ್ನು ಅದು ತಡೆಯದು. ನಷ್ಟದ ಹೊಡೆತ ತಗ್ಗಿಸಬೇಕಾದರೆ ಆದಾಯ ಮತ್ತು ಆಸ್ತಿಗೆ ತಕ್ಕಂತೆ ಹೂಡಿಕೆಯ ಮೊತ್ತಕ್ಕೇ ಮಿತಿ ಹಾಕಬೇಕು. ಅಮೆರಿಕದ ಕ್ರೌಡ್‌ಫಂಡಿಂಗ್ ನಿಯಮಗಳು ಸಾಮಾನ್ಯ ಹೂಡಿಕೆದಾರರಿಗೆ ಈ ದಾರಿಯನ್ನೇ ಹಿಡಿದಿವೆ. ಎರಡನೆಯ ಆಕ್ಷೇಪ, ಪರವಾನಗಿ ಪರೀಕ್ಷೆಗಳು ಹೊಸ ಉದ್ಯಮವೊಂದರ ಬೆಲೆ ಕಟ್ಟುವ ಸಾಮರ್ಥ್ಯವನ್ನು ಪೂರ್ತಿಯಾಗಿ ಅಳೆಯುವುದಿಲ್ಲ ಎಂಬುದು. ಅದೂ ದಿಟ. ಆದರೂ ಅಪಾಯ, ಶುಲ್ಕ, ಹಿತಾಸಕ್ತಿ ಸಂಘರ್ಷ, ವಂಚನೆಯ ಲಕ್ಷಣ ಇವುಗಳನ್ನು ಕಲಿತವರು ಏನನ್ನು ಕೇಳಬೇಕೆಂಬುದನ್ನಾದರೂ ಬಲ್ಲರು. ಸಂಬಳದ ಚೀಟಿ ಅಷ್ಟನ್ನೂ ಸಾಬೀತುಪಡಿಸದು.

ಭಾರತದಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ 2021ರಲ್ಲಿ ಈ ವ್ಯವಸ್ಥೆಯನ್ನು ತಂದಾಗ ವ್ಯಕ್ತಿಗಳಿಗೆ ಹಣದ ಮಾನದಂಡವನ್ನೇ ಆರಿಸಿಕೊಂಡಿತು: 2 ಕೋಟಿ ರೂಪಾಯಿ ವಾರ್ಷಿಕ ಆದಾಯ, ಅಥವಾ 7.5 ಕೋಟಿ ನಿವ್ವಳ ಆಸ್ತಿ. ಇಲ್ಲವೇ 1 ಕೋಟಿ ಆದಾಯದ ಜೊತೆಗೆ 5 ಕೋಟಿ ಆಸ್ತಿ. ಈ ನಿಗದಿತ ಆಸ್ತಿ ಮೊತ್ತದ ಅರ್ಧದಷ್ಟಾದರೂ ಹಣಕಾಸು ರೂಪದಲ್ಲಿರಬೇಕು. ಸ್ಟಾರ್ಟಪ್‌ಗಳ ನಡುವೆಯೇ ದುಡಿಯುವ ಬೆಂಗಳೂರಿನ ಯುವ ವಿಶ್ಲೇಷಕರಿಗೆ ಈ ಮೊತ್ತಗಳು ದೂರದ ಮಾತು. ಪರವಾನಗಿಯ ದಾರಿ, ಅದರ ಜೊತೆಗೆ ಹೂಡಿಕೆಯ ಮೊತ್ತಕ್ಕೊಂದು ಮಿತಿ, ಈ ಎರಡನ್ನೂ ಒಟ್ಟಿಗೆ ತಂದರೆ ರಕ್ಷಣೆಯೂ ಉಳಿಯುತ್ತದೆ, ಅವಕಾಶವೂ ಹಿಗ್ಗುತ್ತದೆ.