ವಿರೂಪಾಕ್ಷನ ತೇರುಬೀದಿ

ಹಂಪೆಯ ವಿರೂಪಾಕ್ಷ ದೇವಾಲಯದ ಪೂರ್ವ ಮಹಾದ್ವಾರದಿಂದ ಹೊರಟು, ಮತಂಗ ಪರ್ವತದ ಬುಡದಲ್ಲಿ ಮಲಗಿರುವ ಎದುರು ಬಸವಣ್ಣನ ಸನ್ನಿಧಿಯವರೆಗೆ, ಸುಮಾರು ಮುಕ್ಕಾಲು ಕಿಲೋಮೀಟರಿನಷ್ಟು ಉದ್ದಕ್ಕೆ ನೇರವಾಗಿ ಸಾಗಿರುವ ತೇರುಬೀದಿಯನ್ನು ಇಂದು ಕಾಣುವ ಪ್ರವಾಸಿಗೆ ಅದು, ಎರಡು ಪಾರ್ಶ್ವಗಳಲ್ಲಿಯೂ ಕಲ್ಲಿನ ಕಂಬಸಾಲುಗಳನ್ನುಳ್ಳ, ಜನವಸತಿ ಎಂದೋ ತೊರೆದುಹೋದ ಪುರಾತನ ಅವಶೇಷವೆಂದು ತೋರುವುದು ಸಹಜ. ಆದರೆ ಆ ನಿರ್ಜನತೆ ಪುರಾತನವಾದುದಲ್ಲ, ಅದು 2011ರಿಂದೀಚಿನದು. ಒಂದು ಚಾರಿತ್ರಿಕ ಪೇಟೆ ತನ್ನ ಸ್ವರೂಪವನ್ನು ಯಾರ ಕಣ್ಣಿಗಾಗಿ ಪಡೆಯುತ್ತದೆ, ಯಾರ ಬಾಳಿನ ಬೆಲೆಗೆ ಪಡೆಯುತ್ತದೆ ಎಂಬುದನ್ನು ವಿಚಾರ ಮಾಡಬಯಸುವವರಿಗೆ ಈ ಬೀದಿಯ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನ ಕರ್ನಾಟಕದಲ್ಲಿ ದೊರೆಯುವುದು ದುರ್ಲಭ.

ವಿಜಯನಗರದ ಅರಸರ ಕಾಲದಲ್ಲಿ ದೊಡ್ಡ ದೇವಾಲಯವೊಂದು ಎದ್ದಿತೆಂದರೆ ಅದರ ಮುಂದೆ ಬೀದಿಯೂ ಪೇಟೆಯೂ ಎದ್ದವೆಂದೇ ಅರ್ಥ. ಕೃಷ್ಣದೇವರಾಯನು ಉದಯಗಿರಿಯನ್ನು ಗೆದ್ದು ತಂದ ಬಾಲಕೃಷ್ಣನ ವಿಗ್ರಹವನ್ನು 1515ರಲ್ಲಿ ಪ್ರತಿಷ್ಠಾಪಿಸಿದ ಗುಡಿಯ ಮುಂದೆಯೂ, ಅಚ್ಯುತರಾಯನ ಕಾಲದಲ್ಲಿ ನಿರ್ಮಿತವಾದ ತಿರುವೆಂಗಳನಾಥನ ಗುಡಿಯ ಮುಂದೆಯೂ, ತುಂಗಭದ್ರೆಯ ದಡದ ವಿಠ್ಠಲನ ಗುಡಿಯ ಮುಂದೆಯೂ ಅಂತಹ ವಿಶಾಲವಾದ ಬೀದಿಗಳುಂಟು. ದೇವರು ತೇರನ್ನೇರಿ ಹೊರಡಲು ದಾರಿ ಬೇಕು. ತೇರಿಗೆ ಬಂದವರಿಗೆ ನೆರಳು ಬೇಕು. ನೆರೆದ ಜನಕ್ಕೆ ಹಣ್ಣುಕಾಯಿ, ಬಟ್ಟೆಬರೆ, ದವಸಧಾನ್ಯಗಳನ್ನು ಮಾರುವ ವರ್ತಕರಿಗೆ ಎಡೆ ಬೇಕು. ಈ ಮೂರು ಅವಶ್ಯಕತೆಗಳು ಕೂಡಿದ ಎಡೆಯಲ್ಲಿಯೇ ತೇರುಬೀದಿ ರೂಪುಗೊಂಡಿತು. ಸುಮಾರು 1520ರಲ್ಲಿ ಈ ನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು, ವಿರೂಪಾಕ್ಷನ ಗುಡಿಯ ಮುಂದಣ ಬೀದಿಯ ಚೆಲುವಾದ ಮನೆಗಳನ್ನು ವರ್ಣಿಸುತ್ತ, ಅವುಗಳ ಮೊಗಸಾಲೆಗಳಲ್ಲಿ ಯಾತ್ರಿಕರು ತಂಗುತ್ತಿದ್ದರೆಂದೂ, ಗಣ್ಯರಿಗೆ ಬೇರೆ ಬಿಡಾರಗಳಿದ್ದವೆಂದೂ, ದೇವರ ದರ್ಶನಕ್ಕೆ ಬಂದಾಗ ಅರಸನು ಇಳಿದುಕೊಳ್ಳಲು ಇದೇ ಬೀದಿಯಲ್ಲಿ ಅರಮನೆಯೊಂದಿತ್ತೆಂದೂ ಹೇಳಿದ್ದಾನೆ. ಪರಸ್ಥಳದವರಿಗೆ ಆಶ್ರಯ ಕೊಟ್ಟು ಬದುಕುವುದು ಈ ಬೀದಿಗೆ ಪ್ರವಾಸೋದ್ಯಮ ಕಲಿಸಿದ ಹೊಸ ವೃತ್ತಿಯಲ್ಲ; ಅದು ಇದರ ಹುಟ್ಟಿನ ಧರ್ಮವೇ ಆಗಿತ್ತು.

ಬೀದಿಯ ಪೂರ್ವದ ಕೊನೆಯಲ್ಲಿ, ಬಸವಣ್ಣನ ಸಮೀಪದಲ್ಲಿ, ಎರಡಂತಸ್ತಿನ ಮಂಟಪವೊಂದಿದೆ. ಅಲ್ಲಿ ನಿಂತು ಕಂಬಗಳನ್ನು ಕೈಯಿಂದ ಮುಟ್ಟಿ ನೋಡಿದರೆ, ಸುತ್ತಲಿನ ಒರಟು ಬಂಡೆಗಲ್ಲಿಗಿಂತ ಭಿನ್ನವಾದ, ನಯವಾಗಿ ಉಜ್ಜಿ ಹೊಳಪೇರಿಸಿದ ಕಪ್ಪುಛಾಯೆಯ ಕಲ್ಲು ಬೆರಳಿಗೆ ತಾಗುತ್ತದೆ. ಅವು ಚಾಲುಕ್ಯ ಶೈಲಿಯ ಕಂಬಗಳು. ವಿಜಯನಗರಕ್ಕಿಂತ ಹಿಂದಿನ ಯಾವುದೋ ಕಟ್ಟಡದಿಂದ ಬಂದು ಇಲ್ಲಿ ಎರಡನೆಯ ಬಾಳನ್ನು ಬಾಳುತ್ತಿರುವಂಥವು. ಹಳೆಯದನ್ನು ತನ್ನ ಕಾಲದ ಉಪಯೋಗಕ್ಕೆ ಒಗ್ಗಿಸಿಕೊಳ್ಳುವ ಪದ್ಧತಿಯನ್ನು, ಇಂದು ನಾವು ಪರಂಪರೆಯೆಂದು ಪೂಜಿಸುವ ಆ ಶಿಲ್ಪಿಗಳೇ ಅನುಸರಿಸಿದ್ದರೆಂಬುದಕ್ಕೆ ಈ ಮಂಟಪ ಸಾಕ್ಷಿ.

1565ರ ರಕ್ಕಸತಂಗಡಿಯ ಕದನದ ಅನಂತರ ರಾಜಧಾನಿ ಹಾಳಾಯಿತು. ವಿಠ್ಠಲನ ಬೀದಿ, ಕೃಷ್ಣನ ಬೀದಿಗಳು ಬರಿದಾದವು. ವಿರೂಪಾಕ್ಷನ ಗುಡಿಯಲ್ಲಿ ಮಾತ್ರ ಪೂಜೆ ಉಳಿದು ಬಂದಿತು. ಪೂಜೆ ಉಳಿದುದರಿಂದ ಅದರ ಮುಂದಣ ಬೀದಿಯೂ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಮಹಾಗೋಪುರದ ಜೀರ್ಣೋದ್ಧಾರವಾಯಿತು. ಚೈತ್ರಮಾಸದಲ್ಲಿ ತೇರು ಹರಿಯಿತು. ಪಂಪಾದೇವಿಗೂ ವಿರೂಪಾಕ್ಷನಿಗೂ ನಡೆಯುವ ವಿವಾಹನಿಶ್ಚಯದ ಫಲಪೂಜೆಗೆ ಸುತ್ತಣ ಹಳ್ಳಿಗಳ ಜನ ಬಂದರು. 1799ರ ಸುಮಾರಿನಲ್ಲಿ ಕಾಲಿನ್ ಮೆಕೆಂಜಿ ಬಂದು ಅವಶೇಷಗಳ ಚಿತ್ರಗಳನ್ನು ಬರೆಸಿದನು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅವುಗಳ ಛಾಯಾಚಿತ್ರಗಳನ್ನು ತೆಗೆದನು. 1900ರಲ್ಲಿ ರಾಬರ್ಟ್ ಸಿವೆಲ್ ಈ ಸಾಮ್ರಾಜ್ಯದ ಚರಿತ್ರೆಯನ್ನು ಬರೆದು, ಜಗತ್ತು ಮರೆತುಹೋದ ಸಾಮ್ರಾಜ್ಯವೆಂದು ಅದನ್ನು ಪರಿಚಯಿಸಿದನು. ಆ ವಿದ್ವಾಂಸರಿಗೆ ನಾವು ಋಣಿಗಳು. ಆದರೂ ವರ್ಷವರ್ಷವೂ ತೇರಿನ ಹಗ್ಗಕ್ಕೆ ಕೈಹಚ್ಚಿದ ಜನ ಯಾವುದನ್ನೂ ಮರೆತಿರಲಿಲ್ಲವೆಂಬುದು ಅವರ ದೃಷ್ಟಿಗೆ ಬಿದ್ದಂತೆ ತೋರುವುದಿಲ್ಲ. ಮುಂದೆ ಏಕೀಕರಣದ ಕಾಲದಲ್ಲಿ ಆಲೂರು ವೆಂಕಟರಾಯರಂತಹ ಮಹನೀಯರು ಹಂಪೆಯ ದರ್ಶನದಿಂದಲೇ ಕರ್ನಾಟಕತ್ವದ ಸ್ಫೂರ್ತಿಯನ್ನು ಪಡೆದರು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಸ್ಮಾರಕ ಸಂಪುಟ ಧಾರವಾಡದಿಂದ ಹೊರಬಿದ್ದಿತು. ಹೀಗೆ ಹಾಳು ಹಂಪೆ ಕನ್ನಡಿಗರ ಶೋಕಕ್ಕೂ ಅಭಿಮಾನಕ್ಕೂ ಸಮಾನವಾಗಿ ನೆಲೆಯಾಯಿತು. ಆ ಭಾವನೆ ಉದಾತ್ತವಾದುದೇ ಸರಿ. ಆದರೆ ಹಾಳೂರೆಂಬ ಚಿತ್ರ ಮನಸ್ಸಿನಲ್ಲಿ ಬಲವಾಗಿ ನಿಂತಷ್ಟೂ, ಅಲ್ಲಿ ಒಲೆ ಹಚ್ಚಿ ಬಾಳುತ್ತಿದ್ದ ಸಂಸಾರಗಳು ಆ ಚಿತ್ರಕ್ಕೆ ಕಳಂಕವಾಗಿ ತೋರತೊಡಗಿದವು.

1986ರಲ್ಲಿ ಯುನೆಸ್ಕೋ ಸಂಸ್ಥೆಯು ಹಂಪೆಯ ಸ್ಮಾರಕಸಮೂಹವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ದೂರದೇಶಗಳಿಂದ ಬರುವವರ ಸಂಖ್ಯೆ ವೃದ್ಧಿಸಿತು. ಮಂಟಪಗಳಲ್ಲಿ ಕುಂಕುಮ, ಬಳೆ, ತೆಂಗಿನಕಾಯಿಗಳ ಅಂಗಡಿಗಳ ಪಕ್ಕದಲ್ಲಿಯೇ ಲಂಬಾಣಿ ಕಸೂತಿಯ ಚೀಲಗಳೂ, ಪುಸ್ತಕಗಳೂ, ಬಾಡಿಗೆ ಸೈಕಲ್ಲುಗಳೂ, ಹೋಟೆಲುಗಳೂ ಬಂದವು. ಕಂಬಕಂಬಗಳ ನಡುವೆ ಇಟ್ಟಿಗೆಯ ಗೋಡೆ ಎದ್ದಿತು, ಶಿಲ್ಪದ ಮೇಲೆ ಸುಣ್ಣ ಬಿದ್ದಿತು, ಬೀದಿಯ ಅಂಚಿನಲ್ಲಿ ಕಾಂಕ್ರೀಟಿನ ಮಹಡಿಗಳು ಮೇಲೇರಿದವು. ಇದರಿಂದ ಸ್ಮಾರಕಗಳಿಗೆ ಹಾನಿಯಾಯಿತೆಂಬುದನ್ನು ಯಾವ ನ್ಯಾಯನಿಷ್ಠನೂ ಅಲ್ಲಗಳೆಯಲಾರನು. ತುಂಗಭದ್ರೆಗೆ ಅಡ್ಡಲಾಗಿ ಕೈಗೊಂಡ ಸೇತುವೆಗಳ ನಿಮಿತ್ತ 1999ರಲ್ಲಿ ಹಂಪೆ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಬಿದ್ದು, 2006ರವರೆಗೆ ಅಲ್ಲಿಯೇ ಇದ್ದಿತು. ಈ ನಡುವೆ 2002ರ ಅಧಿನಿಯಮದಂತೆ ಪ್ರತ್ಯೇಕ ನಿರ್ವಹಣಾ ಪ್ರಾಧಿಕಾರವೊಂದು ಏರ್ಪಟ್ಟಿತು. 2011ರ ಜುಲೈ ತಿಂಗಳ ಕೊನೆಯಲ್ಲಿ ಬುಲ್ಡೋಜರುಗಳು ಬೀದಿಗೆ ಬಂದವು. ಮನೆಗಳೂ ಅಂಗಡಿಗಳೂ ಉರುಳಿದವು. ಮುನ್ನೂರರಷ್ಟು ಕುಟುಂಬಗಳ ಬಾಳು ಕದಡಿತು. ಪುನರ್ವಸತಿಗೆಂದು ಅವರಿಗೆ ತೋರಿಸಿದ ನೆಲ ಹೊಸಪೇಟೆಯ ದಾರಿಯ ಕಡ್ಡಿರಾಂಪುರದಲ್ಲಿ, ಗುಡಿಯ ಗಂಟೆ ಕೇಳಿಸದಷ್ಟು ದೂರದಲ್ಲಿದ್ದಿತು.

ಕಂಬಗಳು ತೆರವಾದವು, ಬೀದಿಯ ಶಿಲ್ಪಸೌಷ್ಠವ ಗೋಚರವಾಯಿತು. ಅದು ಲಾಭವೇ. ಆದರೆ ಆ ಲಾಭಕ್ಕಾಗಿ, ಈ ಬೀದಿಗೆ 1565ರಿಂದೀಚೆಗೆ ಚರಿತ್ರೆಯೇ ಇಲ್ಲವೆಂಬಂತೆ ಒಂದು ನಿರ್ಣಯವನ್ನು ನಾವು ಮಾಡಿಬಿಟ್ಟೆವು. ಹಿಂದಿನವರ ಕಂಬಗಳನ್ನು ತಂದು ಮಂಟಪ ಕಟ್ಟಿದ ಶಿಲ್ಪಿ ಪರಂಪರೆಯ ನಿರ್ಮಾತೃವೆನಿಸಿದನು. ಅದೇ ಮಂಟಪದ ನೆರಳಿನಲ್ಲಿ ಯಾತ್ರಿಕನಿಗೆ ಅನ್ನವಿಕ್ಕಿದವನು ಒತ್ತುವರಿದಾರನೆನಿಸಿದನು. ಕೆಡುಕು ಮಾಡಿದ ಗೋಡೆಗೂ, ಕೆಡುಕಿಲ್ಲದ ವೃತ್ತಿಗೂ ನಡುವಣ ಭೇದವನ್ನು ಬುಲ್ಡೋಜರು ಎಣಿಸಲಿಲ್ಲ, ಎಣಿಸಬೇಕಾಗಿದ್ದವರು ನಾವು.

ಹಂಪೆಯ ಲಾಂಛನವಾಗಿ ಲೋಕ ಬಲ್ಲುದು ವಿಠ್ಠಲನ ಅಂಗಳದ ಕಲ್ಲಿನ ರಥವನ್ನು. 2017ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಮೇಲೆಯೂ ಅದೇ ಇದೆ. ಆ ರಥ ಅನುಪಮ ಸೌಂದರ್ಯದ್ದು. ಅದನ್ನು ಕಾಯಲು ಬೇಲಿಯೂ ಕಾವಲುಗಾರನೂ ಸಾಕು. ವಿರೂಪಾಕ್ಷನ ಮರದ ತೇರಿಗಾದರೋ, ಅದನ್ನು ಸಿಂಗರಿಸುವವರು, ಗಾಲಿಗೆ ಅಡ್ಡಕೊಡುವವರು, ಹಗ್ಗ ಹಿಡಿಯುವವರು, ತೇರಿಗೆ ಬಂದವರಿಗೆ ನೀರು ನೆರಳು ಕೊಡುವವರು ಬೇಕು. ಇಂತಹ ಜನ ಗುಡಿಯ ಆಸುಪಾಸಿನಲ್ಲಿಯೇ ಬಾಳಿದರೆ ಮಾತ್ರ ಈ ವಿದ್ಯೆ ತಂದೆಯಿಂದ ಮಗನಿಗೆ ಇಳಿಯುತ್ತದೆ. ಆದಕಾರಣ ಇನ್ನು ಮುಂದೆ ರಚಿತವಾಗುವ ಯಾವ ಸಂರಕ್ಷಣ ಯೋಜನೆಯೂ ಕಂಬಗಳ ಜೊತೆಯಲ್ಲಿ ಸಂಸಾರಗಳನ್ನೂ ತನ್ನ ಪಟ್ಟಿಗೆ ಸೇರಿಸಿಕೊಳ್ಳಬೇಕು. ಅರ್ಚಕ, ಹರಿಗೋಲಿನವನು, ಹೂವಾಡಗಿತ್ತಿ, ಅಂಗಡಿಯವನು ಇವರ ವಾಸಕ್ಕೆ ಗುಡಿಯ ಸಮೀಪದಲ್ಲಿ, ಸ್ಮಾರಕಕ್ಕೆ ತಾಗದಂತೆ, ಮಿತವಾದ ಎತ್ತರದ ಮನೆಗಳನ್ನು ನಿಯಮಪೂರ್ವಕವಾಗಿ ಒದಗಿಸಬೇಕು. ಆ ನಿಯಮಗಳನ್ನು ಗೊತ್ತುಮಾಡುವ ಸಭೆಯಲ್ಲಿ ಅವರಿಗೂ ಸ್ಥಾನವಿರಬೇಕು. ಅತಿಥಿಗಳಿಗಾಗಿಯೇ ಹುಟ್ಟಿದ ಈ ಬೀದಿಯಲ್ಲಿ ಅತಿಥಿಯನ್ನು ಬರಮಾಡಿಕೊಳ್ಳುವ ಮನೆಯವನೇ ಇಲ್ಲವಾದರೆ, ನಾವು ರಕ್ಷಿಸಿದ್ದು ಪರಂಪರೆಯ ಅರ್ಧವನ್ನು ಮಾತ್ರವೆಂದು ಒಪ್ಪಿಕೊಳ್ಳಬೇಕಾಗುತ್ತದೆ.